ಮಾಲೂರಿನಿಂದಾಚೆಗೆ

ಶಿವಾರಪಟ್ಟಣಕ್ಕೆ ಹೇಗೆ ಹೋಗೋದು ಎಂದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಆಗಾಗ ಯಾರಾದರೂ ನನ್ನನ್ನು ಕೇಳುತ್ತಿರುತ್ತಾರೆ. ದೇವಸ್ಥಾನ ಕಟ್ಟಿಸುತ್ತಿರುವವರು, ಹಳೆಯ ಮೂರ್ತಿ ಭಿನ್ನವಾಗಿ ಹೊಸದು ಮಾಡಿಸಬೇಕಾದವರು, ಮನೆಗೊಂದು ಪಂಚಲೋಹದ ಗಣಪತಿ ಬೇಕೆನ್ನುವವರು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಆ ಊರಿನಲ್ಲಿ ಬೀದಿಗೆ ಬೀದಿಯೇ ಕಲ್ಲು ಕೆತ್ತುತ್ತದೆ, ಎರಕ ಹೊಯ್ಯುತ್ತದೆ. ಗಂಗರ ಶಿವಮಾರನಿಂದ ಊರಿಗೆ ಆ ಹೆಸರು ಬಂತೆಂದು ಅಲ್ಲಿಯವರು ಹೇಳುತ್ತಾರೆ. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೆ. ಭಾವ ಉಳಿ ಹಿಡಿದವರು. ನಾನು ಬ್ಯಾಂಕಿನ ಕೆಲಸ ಸಿಕ್ಕಿ ಮುಂಬೈ ಸೇರಿದೆ, ಅಲ್ಲೇ ನಿವೃತ್ತನಾದೆ. ಹಾಗಾಗಿ ಈ ದಾರಿಯನ್ನು ರೈಲಿನಲ್ಲೂ ವಿಮಾನದಲ್ಲೂ ಬಾಡಿಗೆ ಕಾರಿನಲ್ಲೂ ಸವೆಸಿದ್ದೇನೆ.

ಕೇಳುವವರು ಫೋನಿನಲ್ಲಿ ವಿಮಾನದ ದರ ನೋಡಿಕೊಂಡೇ ಬಂದಿರುತ್ತಾರೆ. ಬೆಂಗಳೂರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರು, ಮಧ್ಯಾಹ್ನದ ಊಟಕ್ಕೆ ಊರಲ್ಲಿರಬಹುದಲ್ಲ ಎನ್ನುತ್ತಾರೆ. ಆ ಐವತ್ತು ಚಿಲ್ಲರೆ ಬೆಂಗಳೂರು ಪೇಟೆಯಿಂದ ಲೆಕ್ಕ ಹಾಕಿದ್ದು, ವಿಮಾನ ಇಳಿಸುವುದು ದೇವನಹಳ್ಳಿಯಲ್ಲಿ. ಆದರೆ ನನ್ನ ತಕರಾರು ದೂರದ್ದಲ್ಲ. ಅವರು ಲೆಕ್ಕವನ್ನು ಮುಂಬೈ ಕಡೆಯಿಂದ ಹಾಕುತ್ತಾರೆ, ನಾನು ಊರ ಕಡೆಯಿಂದ ಹಾಕುತ್ತೇನೆ. ಬೆಂಗಳೂರು–ಚೆನ್ನೈ ರೈಲು ಹಾದಿ ಊರಿನ ಒಂದು ಪಕ್ಕಕ್ಕೆ, ಕೋಲಾರದ ಹೆದ್ದಾರಿ ಇನ್ನೊಂದು ಪಕ್ಕಕ್ಕೆ. ರೈಲಿನವರು ಮಾಲೂರಿನಲ್ಲಿ ಇಳಿಯಬೇಕು, ಹೆದ್ದಾರಿಯವರು ನರಸಾಪುರದಲ್ಲಿ ಒಳಕ್ಕೆ ತಿರುಗಬೇಕು. ಎಲ್ಲಿಂದ ಹೊರಟರೂ, ಯಾವುದರಲ್ಲಿ ಬಂದರೂ, ಕೊನೆಗೆ ಈ ಎರಡರಲ್ಲಿ ಒಂದು ಕಡೆ ನಿಂತು ಒಳಗೆ ಹೋಗುವ ಬಸ್ಸಿಗೋ ಆಟೋಗೋ ಕಾಯಲೇಬೇಕು. ಅಲ್ಲಿ ಎಷ್ಟು ಹೊತ್ತಿಗೆ ನಿಲ್ಲುತ್ತೇವೆ ಎಂಬುದು ತೀರ್ಮಾನವಾದ ಮೇಲೆ ವಿಮಾನವೋ ರೈಲೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ವಿಮಾನದ ದಿನವನ್ನು ಬಿಡಿಸಿ ನೋಡೋಣ. ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋ, ಮತ್ತೆ ರಿಕ್ಷಾ. ಎರಡು ಗಂಟೆ ಮೊದಲೇ ಹೋಗಿ ಕೂರಬೇಕು. ಇತ್ತ ಇಳಿದ ಮೇಲೆ ಬ್ಯಾಗು ಬರುವ ಬೆಲ್ಟಿನ ಮುಂದೆ ನಿಲ್ಲಬೇಕು. ಆಮೇಲೆ ವಾಯುವಜ್ರ ಬಸ್ಸು ಹತ್ತಿ ಟಿನ್ ಫ್ಯಾಕ್ಟರಿ ಕಡೆಗೆ ಬಂದು, ಹೆದ್ದಾರಿಯಲ್ಲಿ ಕೋಲಾರದ ಬಸ್ಸಿಗೆ ಕೈ ಒಡ್ಡಬೇಕು. ಕೋಲಾರದ ಬಸ್ಸುಗಳೆಲ್ಲ ನರಸಾಪುರದಲ್ಲಿ ನಿಲ್ಲಿಸುತ್ತವೆ ಎಂದುಕೊಳ್ಳಬಾರದು. ಹತ್ತುವ ಮುಂಚೆಯೇ ಕಂಡಕ್ಟರನ್ನು ಕೇಳಿಕೊಳ್ಳಬೇಕು. ಹತ್ತಿದ ಮೇಲೆ ಕೇಳಿದರೆ ಕೋಲಾರಕ್ಕೇ ಟಿಕೆಟ್ಟು. ನರಸಾಪುರ ಈಗ ಹಳೆಯ ನರಸಾಪುರವಲ್ಲ. ಹೊಂಡಾ ಸ್ಕೂಟರ್ ಕಾರ್ಖಾನೆ ಬಂತು, ಐಫೋನು ಜೋಡಿಸುವ ಕಾರ್ಖಾನೆ ಬಂತು. ಶಿಫ್ಟು ಬಿಡುವ ಹೊತ್ತಿನಲ್ಲಿ ಆಟೋಗಳೆಲ್ಲ ಹುಡುಗ ಹುಡುಗಿಯರಿಂದ ತುಂಬಿ ಹೋಗುತ್ತವೆ, ಬ್ಯಾಗು ಹಿಡಿದ ಮುದುಕನನ್ನು ಯಾರೂ ಕೇಳುವುದಿಲ್ಲ. ಒಮ್ಮೆ ಹೀಗೆ ಬೆಳಕು ಹರಿಯುವ ಮುಂಚೆ ಡೊಂಬಿವಲಿ ಬಿಟ್ಟವನು ಅಕ್ಕನ ಮನೆ ಮೆಟ್ಟಿಲು ಹತ್ತುವಾಗ ಅವಳು ದೀಪ ಹಚ್ಚಿದ್ದಳು. "ವಿಮಾನ್ದಲ್ಲಿ ಬಂದ್ರೂ ಈಟೊತ್ತೇನೋ?" ಎಂದಳು. ಟಿಕೆಟ್ಟಿನ ದುಡ್ಡು ಎಷ್ಟಾಯಿತು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

2008ರ ಮೇ 24ರವರೆಗೆ ಈ ಗೋಳು ಇರಲಿಲ್ಲ. ಆಗ ವಿಮಾನ ಇಳಿಯುತ್ತಿದ್ದುದು ಎಚ್‌ಎಎಲ್ ನಿಲ್ದಾಣದಲ್ಲಿ. ಅಲ್ಲಿಂದ ವೈಟ್‌ಫೀಲ್ಡು ದೂರವಲ್ಲ, ವೈಟ್‌ಫೀಲ್ಡಿನಿಂದ ಮಾಲೂರಿಗೆ ರೈಲು. ಆಗ ವಿಮಾನದ ಟಿಕೆಟ್ಟು ಕೊಳ್ಳುವ ಶಕ್ತಿ ಮಾತ್ರ ನಮಗೆ ಇರಲಿಲ್ಲ.

ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೇ ಒಂದು ರೈಲು ನಿಲ್ದಾಣವಿದೆ, ಅಲ್ಲಿಂದ ಕೋಲಾರಕ್ಕೆ ಹಳಿಯೂ ಇದೆ ಎಂದು ಹೇಳಿದರೆ ಬಹಳ ಜನ ನಂಬುವುದಿಲ್ಲ. ನಿಜವಾಗಿಯೂ ಇದೆ. 2021ರ ಜನವರಿಯಲ್ಲಿ ಶುರುವಾದ ಪುಟ್ಟ ಹಾಲ್ಟು ಅದು. ಯಲಹಂಕದಿಂದ ಹೊರಟ ಹಳಿ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಸುತ್ತಿ ಬಂಗಾರಪೇಟೆಯಲ್ಲಿ ಚೆನ್ನೈ ಹಾದಿಗೆ ಕೂಡುತ್ತದೆ. ಇದು ಮೈಸೂರು ಸಂಸ್ಥಾನದ ಕಾಲದ ನ್ಯಾರೋಗೇಜು. ಬಂಗಾರಪೇಟೆ–ಕೋಲಾರ ತುಂಡು 1913ರದು. ನೂರು ವರ್ಷದ ಮೇಲೆ, 2013ರಲ್ಲಿ, ಕೋಲಾರ–ಚಿಕ್ಕಬಳ್ಳಾಪುರದ ನಡುವೆ ಬ್ರಾಡ್‌ಗೇಜಿನಲ್ಲಿ ರೈಲು ಓಡಿತು. ಭೂಪಟದಲ್ಲಿ ನೋಡಿದರೆ ನಮ್ಮಂಥವರಿಗೆಂದೇ ಹಾಕಿದ ಹಾಗಿದೆ. ಆದರೆ ಓಡುವ ಗಾಡಿಗಳು ಬೆರಳೆಣಿಕೆಯವು, ವಿಮಾನದ ವೇಳೆಗೂ ಅವುಗಳ ವೇಳೆಗೂ ಸಂಬಂಧವಿಲ್ಲ, ಟರ್ಮಿನಲ್ಲಿನಿಂದ ಹಾಲ್ಟಿಗೆ ಮತ್ತೊಂದು ಬಸ್ಸು ಬೇಕು, ಕೋಲಾರದಲ್ಲಿ ಇಳಿದರೆ ನರಸಾಪುರಕ್ಕೆ ಹಿಂದಕ್ಕೆ ಬರಬೇಕು. ಕೈಯಲ್ಲಿ ಚೀಲವಿಲ್ಲದ, ಮನೆಯಲ್ಲಿ ಕಾಯುವವರಿಲ್ಲದ ದಿನ ಒಮ್ಮೆ ಹೋಗಬೇಕು ಆ ಹಾದಿಯಲ್ಲಿ. ಶ್ರೀನಿವಾಸಪುರದ ಆಸುಪಾಸಿನ ಮಾವಿನ ತೋಪುಗಳು ಹೂ ಬಿಟ್ಟಾಗಲಂತೂ ಕಿಟಕಿ ಬಿಟ್ಟು ಏಳುವ ಮನಸ್ಸಾಗುವುದಿಲ್ಲ.

ಇನ್ನು ಉದ್ಯಾನ್ ಎಕ್ಸ್‌ಪ್ರೆಸ್ಸು. ಬೆಳಿಗ್ಗೆ ಕಲ್ಯಾಣದಲ್ಲಿ ಹತ್ತಿದರೆ ಪುಣೆ, ಸೊಲ್ಲಾಪುರ, ಕಲಬುರಗಿ, ರಾಯಚೂರು, ಗುಂತಕಲ್ಲು, ಹಿಂದೂಪುರ ದಾಟಿ ಮರುದಿನ ಬೆಳಿಗ್ಗೆ ಬೆಂಗಳೂರು. ಒಂದು ಹಗಲು ಒಂದು ರಾತ್ರಿ. ಹಗಲು ಹೋದದ್ದು ಹೋಯಿತೇ ಎಂದರೆ, ನನ್ನ ವಯಸ್ಸಿನವನಿಗೆ ಅದು ನಷ್ಟವಲ್ಲ. ರಜೆ ಎಣಿಸಿಕೊಂಡು ಬರುವ ನನ್ನ ಮಗನಿಗೆ ನಷ್ಟ. ಲಾಭ ಏನೆಂದರೆ ರೈಲು ನನ್ನನ್ನು ಬೆಳಿಗ್ಗೆ ಇಳಿಸುತ್ತದೆ. ಹಳ್ಳಿಗೆ ಹೋಗುವವನಿಗೆ ಬೆಳಿಗ್ಗೆಯೇ ಬಂಡವಾಳ. ಒಂದು ಬಸ್ಸು ತಪ್ಪಿದರೆ ಇನ್ನೊಂದಿದೆ, ಆಟೋದವನು ಕತ್ತಲಾಯ್ತು ಎಂದು ಎರಡರಷ್ಟು ಕೇಳುವುದಿಲ್ಲ. ಬೆಂಗಳೂರಿನಲ್ಲೇ ಪ್ಲಾಟ್‌ಫಾರಂ ಬದಲಿಸಿ ಬಂಗಾರಪೇಟೆ, ಮಾರಿಕುಪ್ಪಂ ಕಡೆಯ ಮೆಮು ಹತ್ತಿದರಾಯಿತು.

ಈ ಹಾದಿ ಹಳೆಯದು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಬೆಂಗಳೂರು ಸಿಟಿ ನಿಲ್ದಾಣ ಹುಟ್ಟುವ ಮುಂಚೆಯೇ ಮಾಲೂರಿನವರು ರೈಲು ಕಂಡಿದ್ದರು. ಇವತ್ತು ಇದರ ಹದ ಗೊತ್ತಿರಬೇಕು. ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಅಲ್ಲಿಯ ಸಾವಿರಾರು ಜನ ಬೆಂಗಳೂರಿನಲ್ಲಿ ಕೆಲಸ ಹುಡುಕಿಕೊಂಡರು, ದಿನವೂ ರೈಲಿನಲ್ಲಿ ಹೋಗಿ ಬರುತ್ತಾರೆ. ಬೆಳಿಗ್ಗೆ ಬೆಂಗಳೂರಿಗೆ ಬರುವ ಗಾಡಿಗೆ ಮಾಲೂರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಾಸಿನವರು ತಮ್ಮ ತಮ್ಮ ಸೀಟಿನಲ್ಲಿ, ತಮ್ಮ ತಮ್ಮ ಇಸ್ಪೀಟಿನಲ್ಲಿ ಕೂತಿರುತ್ತಾರೆ. ಅದೇ ಹೊತ್ತಿಗೆ ಎದುರಿನಿಂದ ಬೆಂಗಳೂರು ಬಿಟ್ಟು ಮಾಲೂರಿಗೆ ಹೋಗುವ ಗಾಡಿಯಲ್ಲಿ ಕಾಲು ಚಾಚಿ ಕೂರಬಹುದು. ಸಂಜೆ ಇದು ತಿರುಗುಮುರುಗಾಗುತ್ತದೆ. ಆದ್ದರಿಂದ ಊರಿಗೆ ಹೋಗುವುದು ಬೆಳಿಗ್ಗೆ, ಊರು ಬಿಡುವುದು ಮಧ್ಯಾಹ್ನದ ಮೇಲೆ. ಕಚೇರಿಗೆ ಹೋಗುವವರ ಎದುರು ದಿಕ್ಕಿಗೆ ನಡೆದರೆ ಹತ್ತು ರೂಪಾಯಿ ಚಿಲ್ಲರೆಯ ಟಿಕೆಟ್ಟಿನಲ್ಲೂ ಸುಖವಿದೆ.

2023ರ ಅಕ್ಟೋಬರ್ 9ರಂದು ಮೆಟ್ರೋದ ನೇರಳೆ ಮಾರ್ಗ ಬೈಯಪ್ಪನಹಳ್ಳಿ–ಕೆ.ಆರ್. ಪುರದ ನಡುವಿನ ಕೊರತೆ ತುಂಬಿಕೊಂಡು ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡಿನವರೆಗೂ ಓಡಿತು. ಮೆಟ್ರೋದ ಆ ಕೊನೆಯ ನಿಲ್ದಾಣ ವೈಟ್‌ಫೀಲ್ಡ್ ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ. ಉದ್ಯಾನ್ ತಡವಾಗಿ ಬಂದು ಮೆಮು ತಪ್ಪಿದ ದಿನ ನನ್ನನ್ನು ಕಾಪಾಡಿದ್ದು ಇದೇ: ಮೆಟ್ರೋದಲ್ಲಿ ಹೋಗಿ ವೈಟ್‌ಫೀಲ್ಡಿನಲ್ಲಿ ಮುಂದಿನ ಗಾಡಿ ಹಿಡಿದೆ. ಅಕ್ಕನಿಗೆ ಇದಾವುದರ ಗೊಡವೆಯೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳು ಆಧಾರ್ ಕಾರ್ಡು ಸೆರಗಿನಲ್ಲಿ ಕಟ್ಟಿಕೊಂಡು ಕೆಂಪು ಬಸ್ಸು ಹತ್ತುತ್ತಾಳೆ. ಪುಕ್ಕಟೆ ಬಸ್ಸಿರುವಾಗ ದುಡ್ಡು ಕೊಟ್ಟು ರೈಲು ಹತ್ತುವವರು ಅವಳ ಪ್ರಕಾರ ಮುಂಬೈಯವರು.

ಬಾಡಿಗೆ ಕಾರು ನನ್ನ ಮಗನ ಪಕ್ಷ. ವಿಮಾನ ಇಳಿದವನೇ ಕಪ್ಪು ಫಲಕದ ಮೇಲೆ ಹಳದಿ ಅಕ್ಷರದ ಸೆಲ್ಫ್‌ಡ್ರೈವ್ ಕಾರು ಹಿಡಿಯುತ್ತಾನೆ. ರಸ್ತೆ ಮೊದಲಿಗಿಂತ ಚೆನ್ನಾಗಿದೆ, ಒಪ್ಪುತ್ತೇನೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕೂಡಿಸುವ ಉಪನಗರ ವರ್ತುಲ ರಸ್ತೆಯನ್ನು 2024ರ ಮಾರ್ಚಿನಲ್ಲಿ ಉದ್ಘಾಟಿಸಿದರು. ವಿಮಾನ ನಿಲ್ದಾಣದಿಂದ ಹೊಸಕೋಟೆಗೆ ಬೆಂಗಳೂರನ್ನು ಮುಟ್ಟದೆ ಬರಬಹುದು. ಆ ವರ್ಷದ ಕೊನೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆ–ಬೇತಮಂಗಲ ಭಾಗವೂ ತೆರೆದು, ಮಾಲೂರಿನ ಬಳಿ ಇಳಿಯಲು ದಾರಿಯಾಯಿತು. ತಲುಪುವುದೇನೋ ತಲುಪುತ್ತಾನೆ. ಆಮೇಲೆ ಆ ಕಾರು ಅಕ್ಕನ ಮನೆ ಮುಂದೆ ನಿಂತಿರುತ್ತದೆ. ಬೀದಿಯ ಎರಡು ಕಡೆ ಕಲ್ಲಿನ ದಿಮ್ಮಿ, ಅರ್ಧ ಕೆತ್ತಿದ ನಂದಿ, ನೆಲದ ತುಂಬ ಚಕ್ಕೆ. ಟೈರಿನ ಭಯಕ್ಕೆ ಅವನು ಅದನ್ನು ಅಲುಗಿಸುವುದಿಲ್ಲ. ಗ್ರೈಂಡರಿನ ಬಿಳಿ ಧೂಳು ಕೂತು ಕಾರಿನ ಬಣ್ಣ ಯಾವುದೆಂದು ಗೊತ್ತಾಗುವುದಿಲ್ಲ, ಕೆಳಗೆ ನೆರಳಿಗೆ ಕೋಳಿಗಳು ಮಲಗಿರುತ್ತವೆ. ಬಾಡಿಗೆ ಮಾತ್ರ ಗಂಟೆ ಗಂಟೆಗೂ ಏರುತ್ತಿರುತ್ತದೆ. ಡ್ರೈವರ್ ಸಮೇತ ಟ್ಯಾಕ್ಸಿಯಾದರೆ ದಿನಕ್ಕೆ ಇಂತಿಷ್ಟು ಕಿಲೋಮೀಟರ್ ಓಡಿದರೂ ಬಿಟ್ಟರೂ ಕೊಡಬೇಕು, ಮೇಲೆ ಡ್ರೈವರ್ ಬಾಟಾ. ನಾಲ್ಕು ಹೆಜ್ಜೆಯಲ್ಲಿ ಮುಗಿಯುವ ಊರಿನಲ್ಲಿ ಕೂತಿರಲು ಇಷ್ಟು ಕೊಡುವುದು ನನಗೆ ಒಪ್ಪುವುದಿಲ್ಲ.

ಹಾಗೆಂದು ಕಾರು ಬೇಡವೆಂದಲ್ಲ. ಕಾರು ಬೇಕಾಗುವುದು ಊರಿಗೆ ಬರುವುದಕ್ಕಲ್ಲ, ಊರಿನಿಂದ ಸುತ್ತುವುದಕ್ಕೆ. ಮುಳಬಾಗಿಲಿನ ಆಂಜನೇಯ, ಕುರುಡುಮಲೆಯ ದೊಡ್ಡ ಗಣಪ, ಆವಣಿ ಬೆಟ್ಟ, ಕಮ್ಮಸಂದ್ರದ ಕೋಟಿಲಿಂಗೇಶ್ವರ, ಕೋಲಾರದ ಅಂತರಗಂಗೆ, ಇವೆಲ್ಲ ಒಂದೊಂದು ದಿಕ್ಕಿಗೆ. ಮೂರ್ತಿ ಮಾಡಿಸಲು ಬಂದವರು ಹಳೆಯ ಕೆತ್ತನೆ ನೋಡಿಕೊಂಡು ಅಳತೆ ಹೇಳಬೇಕೆಂದರೆ ಇಷ್ಟೂ ಸುತ್ತಬೇಕು. ಆ ಒಂದು ದಿನಕ್ಕೆ ಮಾಲೂರಿನಿಂದಲೋ ಕೋಲಾರದಿಂದಲೋ ಟ್ಯಾಕ್ಸಿ ಹೇಳಿ, ಸಂಜೆಗೆ ಕಳಿಸಿಬಿಡಿ ಎನ್ನುತ್ತೇನೆ. ಸ್ಥಳೀಯ ಡ್ರೈವರನಿಗೆ ಕನ್ನಡವೂ ತೆಲುಗೂ ಗೊತ್ತಿರುತ್ತದೆ. ಮುಳಬಾಗಿಲಿನಾಚೆ ನಂಗಲಿಯ ಕಡೆ ದಾರಿ ಕೇಳಲು ಎರಡೂ ಬೇಕು. ಮುಳಬಾಗಿಲು ದೋಸೆ ಎಲ್ಲಿ ತಿನ್ನಬೇಕೆಂಬುದೂ ಅವನಿಗೇ ಗೊತ್ತು.

ಈ ವಾದದಲ್ಲಿ ಅಕ್ಕನ ಮಗಳು ಮಗನ ಕಡೆ. ಅವಳು ಫ್ರಾನ್ಸಿನ ತುಲೂಸಿನಲ್ಲಿದ್ದಾಳೆ. ಅಲ್ಲಿ ಹಳ್ಳಿಗೆ ಹೋಗಬೇಕೆಂದರೆ ಕಾರಿಲ್ಲದೆ ಆಗುವುದೇ ಇಲ್ಲ ಮಾಮ ಎನ್ನುತ್ತಾಳೆ. ವೇಗದ ರೈಲು ಸಾಕಷ್ಟಿದೆ. ಪ್ಯಾರಿಸ್–ಲಿಯಾನ್ ನಡುವೆ ಟಿಜಿವಿ ಓಡತೊಡಗಿದ್ದು 1981ರಲ್ಲಿ. 2023ರಿಂದ, ರೈಲಿನಲ್ಲಿ ಎರಡೂವರೆ ಗಂಟೆಯೊಳಗೆ ಮುಟ್ಟಬಹುದಾದ ಕಡೆಗೆ ದೇಶದೊಳಗಿನ ವಿಮಾನವನ್ನೇ ಕಾನೂನು ಮಾಡಿ ನಿಲ್ಲಿಸಿದ್ದಾರೆ. ತುಲೂಸಿಗೆ ಪ್ಯಾರಿಸಿನಿಂದ ರೈಲಿನಲ್ಲಿ ನಾಲ್ಕು ಗಂಟೆಯ ಮೇಲಾಗುವುದರಿಂದ ಅವಳ ವಿಮಾನಕ್ಕೆ ಅಡ್ಡಿಯಿಲ್ಲ. ಆದರೆ ಸಣ್ಣ ಊರಿನ ನಿಲ್ದಾಣದಲ್ಲಿ ಇಳಿದರೆ ಭಾನುವಾರ ಹಳ್ಳಿಯ ಕಡೆ ಬಸ್ಸಿರುವುದಿಲ್ಲ. ಬಾಡಿಗೆ ಕಾರಿನ ಕೌಂಟರು ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತದೆ, ಊಟ ಮುಗಿಯುವವರೆಗೆ ಹೊರಗೆ ಕೂರಬೇಕು. ಪಿಕಾರ್ಡಿ ಬಯಲಿನಲ್ಲಿ ಒಂದು ಟಿಜಿವಿ ನಿಲ್ದಾಣವನ್ನು ಯಾವ ಊರಿಗೂ ಸೇರದಂತೆ ಬೀಟ್‌ರೂಟ್ ಹೊಲದ ನಡುವೆ ಕಟ್ಟಿಟ್ಟಿದ್ದಾರೆ, ಜನ ಅದನ್ನು ಬೀಟ್‌ರೂಟ್ ನಿಲ್ದಾಣ ಅಂತಲೇ ಕರೆಯುತ್ತಾರೆ ಎಂದು ಅವಳು ಹೇಳಿದಾಗ ನನಗೆ ನೆನಪಾದದ್ದು ದೇವನಹಳ್ಳಿಯ ಹಾಲ್ಟು. ಅವಳ ಮಾತು ಅಲ್ಲಿಗೆ ಸರಿ. ಆ ಹಳ್ಳಿಗಳಲ್ಲಿ ಬ್ರೆಡ್ಡು ಒಂದೂರಲ್ಲಿ, ಸಂತೆ ಇನ್ನೊಂದೂರಲ್ಲಿ, ಡಾಕ್ಟರು ಮತ್ತೊಂದೂರಲ್ಲಿ. ದಿನವೂ ಚಕ್ರ ತಿರುಗಲೇಬೇಕು. ನಮ್ಮಲ್ಲಿ ಹಾಲು ಮನೆ ಬಾಗಿಲಿಗೆ ಬರುತ್ತದೆ, ತರಕಾರಿ ಗಾಡಿ ಕೂಗಿಕೊಂಡು ಬರುತ್ತದೆ. ಇನ್ನೂ ಹಳ್ಳಿಗಳು ಖಾಲಿಯಾಗಿಲ್ಲ ನೋಡಿ, ಅದಕ್ಕೇ ಬಸ್ಸು ಉಳಿದಿದೆ.

ಹಿಂತಿರುಗುವಾಗಿನ ಲಗೇಜು ಬಹಳ ಸಲ ಜಗಳವನ್ನೇ ಮುಗಿಸಿಬಿಡುತ್ತದೆ. ವಿಮಾನದಲ್ಲಿ ಸಾಮಾನ್ಯವಾಗಿ 15 ಕಿಲೋ ಒಳಕ್ಕೆ, 7 ಕಿಲೋ ಕೈಯಲ್ಲಿ. ಸ್ಲೀಪರಿನಲ್ಲಿ ತಲೆಗೆ 40 ಕಿಲೋ ಪುಕ್ಕಟೆ. ಪುಷ್ಯದಲ್ಲಿ ಬಂದವನಿಗೆ ಅಕ್ಕ ಅವರೆಕಾಯಿ ಕಟ್ಟದೆ ಬಿಡುವುದಿಲ್ಲ, ಮೇ ತಿಂಗಳಲ್ಲಿ ಬಂದರೆ ಮಾವು, ಯಾವಾಗ ಬಂದರೂ ರಾಗಿಹಿಟ್ಟು. ಪಂಚಲೋಹದ ಗಣಪತಿಯನ್ನು ತರುವಾಗಲೂ ರೈಲೇ ಆಯಿತು. ಹಳೇ ಪಂಚೆ ಸುತ್ತಿ, ಗೋಣಿಯಲ್ಲಿ ಹೊಲಿದು, ಲೋವರ್ ಬರ್ತಿನ ಕೆಳಗೆ ಒತ್ತಿಟ್ಟಿದ್ದೆ. ಸೊಲ್ಲಾಪುರದಲ್ಲಿ ಹತ್ತಿದ ಟಿಸಿ ಬೂಟುಗಾಲು ತಗಲಿ ಏನದು ಎಂದ. ದೇವರು ಎಂದೆ. ಕಾಲು ಹಿಂದಕ್ಕೆ ತೆಗೆದುಕೊಂಡವನು, ಮತ್ತೆ ನೆನಪು ಮಾಡಿಕೊಂಡು, ರಶೀದಿ ಇದೆಯೇ ಎಂದು ಕೇಳಿದ. ಇತ್ತು. ಶಿಲ್ಪಿಯಿಂದ ಅಳತೆ, ಹೆಸರು, ತೂಕ ಬರೆಸಿದ ರಶೀದಿ ಜೇಬಿನಲ್ಲಿಟ್ಟುಕೊಳ್ಳದೆ ಮೂರ್ತಿ ತರಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಕಲ್ಲಿನ ಮೂರ್ತಿಗೆ ಇದಾವುದೂ ನಡೆಯುವುದಿಲ್ಲ. ಎಚ್.ಡಿ. ಕೋಟೆ ಕಡೆಯ ಕೃಷ್ಣಶಿಲೆ ಒಂದು ಘನ ಅಡಿಗೆ ಸುಮಾರು 80 ಕಿಲೋ ತೂಗುತ್ತದೆ. ಮೂರಡಿಯ ವಿಷ್ಣು, ಪೀಠ, ಪ್ರಭಾವಳಿ ಸೇರಿದರೆ ಎತ್ತಲು ಚೈನ್‌ಬ್ಲಾಕ್ ಬೇಕು. ನಮ್ಮ ಬಡಾವಣೆಯ ಭಜನಾ ಮಂಡಳಿಯವರು ಅಂಥದೊಂದನ್ನು ಮಾಡಿಸಿದಾಗ ಭಾವ ಅದನ್ನು ಕಟ್ಟಿದ ರೀತಿ ನೋಡಬೇಕಿತ್ತು. ಶಂಖಚಕ್ರ ಹಿಡಿದ ಬೆರಳುಗಳ ಹಿಂದೆ ಒಂದಿಷ್ಟು ಕಲ್ಲನ್ನು ಕೆತ್ತದೆ ಆನಿಕೆಗೆಂದೇ ಉಳಿಸಿದ್ದರು. ಹುಲ್ಲನ್ನು ದಪ್ಪ ಹಗ್ಗವಾಗಿ ಹೊಸೆದು ಕಿರೀಟಕ್ಕೆ, ಮೊಣಕೈಗೆ, ಮೂಗಿನ ಮೇಲೆ ಸುತ್ತಿದರು. ಅದರ ಮೇಲೆ ಗೋಣಿ, ಗೋಣಿಯ ಮೇಲೆ ಹಲಗೆ. ಲಾರಿಯ ತಳಕ್ಕೆ ಹಳೇ ಟೈರು ಹಾಸಿ, ಹುಲ್ಲು ಹರಡಿ, ಮೂರ್ತಿಯನ್ನು ಬೆನ್ನ ಮೇಲೆ ಮಲಗಿಸಿದರು. ಮಂಡಳಿಯ ಹಿರಿಯರೊಬ್ಬರು ದೇವರ ತಲೆ ಮುಂದಿರಲಿ ಎಂದರು. "ಅದಾಗಕ್ಕಿಲ್ಲ ಸ್ವಾಮಿ, ಪೀಠ ಕ್ಯಾಬಿನ್ ಕಡೀಕಿರ್ಬೇಕು. ಡ್ರೈವರ್ರು ಬ್ರೇಕ್ ಒತ್ತಿದ್ರೆ ಎಲ್ಲಾ ಮುಂದಕ್ ನೂಕುತ್ತೆ, ಪೀಠ ತಡ್ಕೊಳ್ತದೆ, ಕಿರೀಟ ತಡ್ಕೊಳ್ಳಲ್ಲ" ಎಂದರು ಭಾವ. ಕಣ್ಣು ಇನ್ನೂ ತೆರೆದಿರಲಿಲ್ಲ. ನೇತ್ರೋನ್ಮೀಲನ ಪ್ರತಿಷ್ಠೆಯ ಹೊತ್ತಿಗೆ. ಹಾಗಾಗಿ ಹೇಗೆ ಮಲಗಿಸಿದರೂ ಶಾಸ್ತ್ರಕ್ಕೆ ಲೋಪವಿಲ್ಲ ಎಂದು ಪುರೋಹಿತರೂ ಒಪ್ಪಿಕೊಂಡರು. 2018ರ ಜುಲೈಯಿಂದ ಕಲ್ಲಿನ ದೇವರಿಗೆ ಜಿಎಸ್‌ಟಿ ಇಲ್ಲ ಎಂಬುದು ಖಜಾಂಚಿಯವರಿಗೆ ತಿಳಿದಾಗ ಅವರ ಮುಖ ನೋಡಬೇಕಿತ್ತು.

ಆ ಸಲ ಒಂದೇ ಕೆಲಸಕ್ಕೆ ಬಂದವರು ಮೂರು ದಾರಿಯಲ್ಲಿ ಹೊರಟೆವು. ರಜೆಯಿಲ್ಲದ ಕಾರ್ಯದರ್ಶಿ ಟ್ಯಾಕ್ಸಿ ಹಿಡಿದು ವಿಮಾನಕ್ಕೆ ಹೋದರು, ಹಿರಿಯರೂ ನಾನೂ ಮಧ್ಯಾಹ್ನದ ಮೆಮುವಿನಲ್ಲಿ ಮಾಲೂರು ಬಿಟ್ಟೆವು. ಲಾರಿ ಸಂಜೆ ಹೊರಟಿತು. ಬೆಂಗಳೂರಿನೊಳಗೆ ಹಗಲು ಲಾರಿಗೆ ಬಿಡುವುದಿಲ್ಲ, ಮೊದಲೆಲ್ಲ ಹೊಸಕೋಟೆಯಲ್ಲೇ ರಾತ್ರಿಗೆ ಕಾಯಬೇಕಿತ್ತು. ಈಗ ವರ್ತುಲ ರಸ್ತೆ ಹಿಡಿದು ದಾಬಸ್‌ಪೇಟೆಗೆ ಬಂದು ತುಮಕೂರು ರಸ್ತೆ ಸೇರಿಬಿಡುತ್ತಾರೆ. ಅಲ್ಲಿಂದ ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ. ಪ್ರತಿ ಟೋಲಿನಲ್ಲೂ ಡ್ರೈವರು ನನಗೆ ಫೋನು ಮಾಡುತ್ತಿದ್ದ, ದೇವರು ಅಲುಗಿಲ್ಲ ಸಾರ್ ಎಂದು.

ಸಾವಿರ ಕಿಲೋಮೀಟರ್ ಸಲೀಸಾಗಿ ಬಂದ ಲಾರಿ ಡೊಂಬಿವಲಿಯಲ್ಲಿ ನಮ್ಮ ಓಣಿಯ ಬಾಯಿಗೆ ನಿಂತಿತು. ಎರಡು ಕಡೆ ಸ್ಕೂಟರು, ಮಧ್ಯೆ ತರಕಾರಿಯವರು, ಮೇಲೆ ಕೇಬಲ್ಲಿನ ತಂತಿ. ಹಮಾಲರು ಬಂದು ನೋಡಿ ಕೇಳಿದ ರೇಟು ಕೇಳಿ ಖಜಾಂಚಿಯವರು ಜಿಎಸ್‌ಟಿ ಉಳಿದದ್ದನ್ನು ಮರೆತರು. ಕೊನೆಗೆ ಗುಜರಿಯವನ ಕೈಗಾಡಿ ತಂದು, ಅದಕ್ಕೂ ಟೈರು ಹಾಸಿ, ಪೀಠ ಮುಂದೆ ಮಾಡಿ ತಳ್ಳಿಕೊಂಡು ಹೋದೆವು. ಮುಂದಿನ ಸಲ ಕೈಗಾಡಿಯನ್ನು ಹಿಂದಿನ ದಿನವೇ ಹೇಳಿಟ್ಟು, ಆಮೇಲೆ ಭಾವನಿಗೆ ಫೋನು ಮಾಡಬೇಕು ಎಂದು ಮಂಡಳಿಯ ಪುಸ್ತಕದಲ್ಲಿ ಬರೆಸಿದ್ದೇನೆ.